ಮೆಚ್ಚಿದ ಸಾಕ್ಷ್ಯಚಿತ್ರ ಮುಗಿದ ಮೇಲೆ ಮುಂದೇನು? ಐತಿಹಾಸಿಕ ಸಾಕ್ಷ್ಯಚಿತ್ರಗಳನ್ನು ಹುಡುಕುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸಾಕ್ಷ್ಯಚಿತ್ರವೊಂದು ಮುಗಿದು, ಕಪ್ಪು ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಹೆಸರುಗಳು ಮೇಲೇರತೊಡಗಿದಾಗ ನಮ್ಮಲ್ಲಿ ಹೆಚ್ಚಿನವರು ರಿಮೋಟಿಗೆ ಕೈ ಹಾಕುತ್ತೇವೆ, ಇಲ್ಲವೇ ಊಟದ ತಟ್ಟೆ ಎತ್ತಿಕೊಂಡು ಏಳುತ್ತೇವೆ. ಹಾಸನದ ನಮ್ಮ ಮನೆಯಲ್ಲಿಯೂ ಬಹುಕಾಲ ಇದೇ ರೂಢಿಯಾಗಿತ್ತು. ಆಮೇಲೆ "ಇಂಥದ್ದೇ ಇನ್ನೊಂದು ಹಾಕಿ" ಎಂಬ ಬೇಡಿಕೆ ಬರುವುದು, ಹುಡುಕಾಟದ ಪೆಟ್ಟಿಗೆಯಲ್ಲಿ ವಿಷಯದ ಹೆಸರನ್ನು ಬರೆದು ಮೊದಲು ಸಿಕ್ಕಿದ್ದನ್ನು ಹಾಕುವುದು, ಹತ್ತು ನಿಮಿಷಗಳಲ್ಲಿ ಬೇಸತ್ತು ಮಲಗುವುದು. ಹುಡುಕಬೇಕಾದದ್ದು ವಿಷಯವನ್ನಲ್ಲ, ಆಗತಾನೇ ನೋಡದೆ ಬಿಟ್ಟ ಆ ಹೆಸರುಗಳನ್ನು ಎಂಬುದು ಅರ್ಥವಾಗಲು ವರ್ಷಗಳೇ ಬೇಕಾದವು.

ಬೇಲೂರು, ಹಳೇಬೀಡುಗಳ ನೆರೆಯಲ್ಲಿ ಬದುಕುವ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಯ್ಸಳರ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಬುಡದಲ್ಲಿ ಹೆಸರು ಕೆತ್ತಿಕೊಂಡಿದ್ದರಿಂದಲೇ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನಲ್ಲಿ ಕೆಲಸ ಮಾಡಿದ್ದರೆಂದು ಇಂದು ಹೇಳಬಹುದಾಗಿದೆ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಾಣುವ ಮಲ್ಲಿತಮ್ಮನ ಹೆಸರು ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿಯೂ ಇದೆ. ಒಂದು ಗುಡಿಯಿಂದ ಇನ್ನೊಂದಕ್ಕೆ ದಾರಿ ತೋರುವುದು ಆ ಸಹಿ. ಸಾಕ್ಷ್ಯಚಿತ್ರದ ಕೊನೆಯ ಹೆಸರುಪಟ್ಟಿಯೂ ಅಂಥದ್ದೇ ಸಹಿ.

ಮೊದಲ ಹೆಜ್ಜೆ: ಮೆಚ್ಚಿದ್ದು ಯಾವುದನ್ನು ಎಂದು ಬರೆದಿಟ್ಟುಕೊಳ್ಳಿ

ಚಿತ್ರ ಮುಗಿದ ರಾತ್ರಿಯೇ, ಅದು ಏಕೆ ಹಿಡಿಸಿತೆಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಮೊದಲನೆಯ ಮಹಾಯುದ್ಧದ ಬಗ್ಗೆ ಇತ್ತು" ಎಂಬುದು ಕಾರಣವಲ್ಲ, ಅದು ವಿಷಯ. "ಸೈನಿಕರ ದನಿಯನ್ನೇ ಕೇಳಿಸಿದರು, ನಡುವೆ ಯಾರೂ ಉಪದೇಶ ಮಾಡಲಿಲ್ಲ" ಎಂಬುದು ಕಾರಣ. ಐತಿಹಾಸಿಕ ಸಾಕ್ಷ್ಯಚಿತ್ರಗಳ ಕಟ್ಟಣೆಯಲ್ಲಿ ಕೆಲವು ಮುಖ್ಯ ಬಗೆಗಳಿವೆ: ಹಳೆಯ ದೃಶ್ಯತುಣುಕುಗಳನ್ನು ಜೋಡಿಸಿದ್ದು, ಕಣ್ಣಾರೆ ಕಂಡವರನ್ನು ಮಾತನಾಡಿಸಿದ್ದು, ನಿರೂಪಕನೊಬ್ಬ ಸ್ಥಳದಿಂದ ಸ್ಥಳಕ್ಕೆ ನಡೆಯುತ್ತಾ ಹೇಳುವುದು, ನಟರಿಂದ ಘಟನೆಯನ್ನು ಮರುನಟನೆ ಮಾಡಿಸಿದ್ದು. ನೀವು ಮೆಚ್ಚಿದ್ದು ಇವುಗಳಲ್ಲಿ ಯಾವುದನ್ನು ಎಂದು ತಿಳಿಯದೆ ಹುಡುಕಿದರೆ ವಿಷಯ ಒಂದೇ ಆಗಿದ್ದರೂ ಚಿತ್ರ ಒಗ್ಗುವುದಿಲ್ಲ.

ನಾಜಿಗಳ ಯಾತನಾಶಿಬಿರಗಳನ್ನು ಕುರಿತ ಎರಡು ಪ್ರಸಿದ್ಧ ಚಿತ್ರಗಳನ್ನೇ ನೋಡಿ. ಅಲೆನ್ ರೆನೆ ಅವರ 'ನೈಟ್ ಅಂಡ್ ಫಾಗ್' ಕೇವಲ 32 ನಿಮಿಷಗಳದ್ದು. ಯುದ್ಧಕಾಲದ ಕಪ್ಪುಬಿಳುಪು ತುಣುಕುಗಳನ್ನೂ ಹುಲ್ಲು ಬೆಳೆದ ಶಿಬಿರಗಳ ಬಣ್ಣದ ದೃಶ್ಯಗಳನ್ನೂ ಒಂದರ ಪಕ್ಕ ಒಂದಿಟ್ಟು ತೋರಿಸುತ್ತದೆ. ಕ್ಲೋಡ್ ಲಾಂಝ್‌ಮಾನ್ ಅವರ 1985ರ 'ಶೋಆ' ಒಂಬತ್ತು ಗಂಟೆಗೂ ಮೀರಿದ್ದು. ಅದರಲ್ಲಿ ಹಳೆಯ ತುಣುಕು ಒಂದೂ ಇಲ್ಲ, ಬದುಕುಳಿದವರ, ನೋಡಿದವರ, ಮಾಡಿದವರ ಮಾತುಗಳು ಮಾತ್ರ ಇವೆ. ಮೊದಲನೆಯದರ ಬಿಗಿತವನ್ನು ಮೆಚ್ಚಿದವರಿಗೆ ಎರಡನೆಯದು ಅದೇ ವಾರ ಕೂತು ನೋಡುವಂಥದ್ದಲ್ಲ. ಸಾಕ್ಷಿಗಳ ಮಾತಿನಲ್ಲಿ ಆಸಕ್ತಿಯುಳ್ಳವರಿಗೆ ಅದಕ್ಕಿಂತ ದೊಡ್ಡ ಚಿತ್ರ ಸಿಗುವುದು ಕಷ್ಟ.

ಎರಡನೆಯ ಹೆಜ್ಜೆ: ಕೊನೆಯ ಹೆಸರುಪಟ್ಟಿಯನ್ನು ನಿಲ್ಲಿಸಿ ಓದಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೂ ಸಾಕು. ನಿರ್ದೇಶಕರ ಹೆಸರನ್ನು ಎಲ್ಲರೂ ನೋಡುತ್ತಾರೆ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಕೆಳಗಿನ ಮೂರು ಬಗೆಯ ಹೆಸರುಗಳು. ದೃಶ್ಯತುಣುಕುಗಳನ್ನು ಕೊಟ್ಟ ಸಂಗ್ರಹಾಲಯಗಳು, ಐತಿಹಾಸಿಕ ಸಲಹೆಗಾರರು ಮತ್ತು ತುಣುಕುಗಳನ್ನು ಹುಡುಕಿಕೊಟ್ಟ ಸಂಶೋಧಕರು.

ನಮ್ಮ ಮನೆಯಲ್ಲಿ ಈ ವಿಧಾನವನ್ನು ಮೊದಲು ಪರೀಕ್ಷಿಸಿದ್ದು ಪೀಟರ್ ಜಾಕ್ಸನ್ ಅವರ 2018ರ 'ದೇ ಶಲ್ ನಾಟ್ ಗ್ರೋ ಓಲ್ಡ್' ಚಿತ್ರದ ಮೇಲೆ. ನೂರು ವರ್ಷ ಹಳೆಯ ತುಣುಕುಗಳ ಓಟದ ವೇಗವನ್ನು ಸರಿಪಡಿಸಿ, ಬಣ್ಣ ತುಂಬಿ, ತುಟಿಚಲನೆ ಓದಬಲ್ಲವರ ಸಹಾಯದಿಂದ ಸೈನಿಕರ ಬಾಯಿಗೆ ಮಾತು ಕೊಟ್ಟ ಚಿತ್ರವದು. ದೃಶ್ಯಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ ಸಂಗ್ರಹದವು. ಹಿನ್ನೆಲೆಯಲ್ಲಿ ಕೇಳಿಬರುವ ವೃದ್ಧ ಸೈನಿಕರ ದನಿಗಳು ಆ ಸಂಗ್ರಹಾಲಯದ ಮತ್ತು ಬಿಬಿಸಿಯ ಹಳೆಯ ಮುದ್ರಿಕೆಗಳಿಂದ ಬಂದವು. ಈ ಎರಡು ಹೆಸರುಗಳಿಂದಲೇ ಎರಡು ದಾರಿಗಳು ತೆರೆದವು.

ದನಿಗಳ ಜಾಡು ಹಿಡಿದರೆ ಬಿಬಿಸಿಯ 1964ರ 'ದ ಗ್ರೇಟ್ ವಾರ್' ಎಂಬ 26 ಕಂತುಗಳ ಸರಣಿ ಸಿಗುತ್ತದೆ. ಯುದ್ಧ ಶುರುವಾಗಿ ಐವತ್ತು ವರ್ಷವಾದಾಗ, ಹೋರಾಡಿದವರು ಇನ್ನೂ ಬದುಕಿದ್ದಾಗ, ಅವರನ್ನು ಕ್ಯಾಮೆರಾ ಮುಂದೆ ಕೂರಿಸಿ ಮಾತನಾಡಿಸಿದ ಸರಣಿಯದು. ಅಲ್ಲಿಂದ ಮುಂದಕ್ಕೆ, ಎರಡನೆಯ ಮಹಾಯುದ್ಧವನ್ನು ಕುರಿತು ಥೇಮ್ಸ್ ಟೆಲಿವಿಷನ್ 1973ರಲ್ಲಿ ಪ್ರಸಾರ ಆರಂಭಿಸಿದ 'ದ ವರ್ಲ್ಡ್ ಅಟ್ ವಾರ್' ಇದೆ. ಅದೂ 26 ಕಂತುಗಳದ್ದೇ, ನಿರೂಪಣೆ ಲಾರೆನ್ಸ್ ಒಲಿವಿಯರ್ ಅವರದು. ಅದರ ಐತಿಹಾಸಿಕ ಸಲಹೆಗಾರರಾಗಿದ್ದ ನೋಬಲ್ ಫ್ರಾಂಕ್‌ಲ್ಯಾಂಡ್ ಅದೇ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ನಿರ್ದೇಶಕರಾಗಿದ್ದವರು. ಇನ್ನು ದೃಶ್ಯಗಳ ಜಾಡು ಹಿಡಿದರೆ 1916ರ ಆಗಸ್ಟಿನಲ್ಲಿ, ಯುದ್ಧ ನಡೆಯುತ್ತಿರುವಾಗಲೇ ಬಿಡುಗಡೆಯಾದ 'ದ ಬ್ಯಾಟಲ್ ಆಫ್ ದ ಸೋಮ್' ಎಂಬ ಮೂಕಿಚಿತ್ರಕ್ಕೆ ತಲಪುತ್ತೀರಿ. ಜೆಫ್ರಿ ಮಾಲಿನ್ಸ್ ಮತ್ತು ಜೆ. ಬಿ. ಮ್ಯಾಕ್‌ಡೊವೆಲ್ ಎಂಬ ಇಬ್ಬರು ಛಾಯಾಗ್ರಾಹಕರು ಚಿತ್ರಿಸಿದ ಈ ಚಿತ್ರ 2005ರಲ್ಲಿ ಯುನೆಸ್ಕೊದ ಜಗತ್ತಿನ ಸ್ಮರಣೆ ಪಟ್ಟಿಗೆ ಸೇರಿತು. ಒಂದೇ ಹೆಸರುಪಟ್ಟಿಯಿಂದ ತಿಂಗಳುಗಟ್ಟಲೆ ನೋಡುವಷ್ಟು ಚಿತ್ರಗಳು ದೊರೆತವು; "ಮೊದಲನೆಯ ಮಹಾಯುದ್ಧ" ಎಂದಷ್ಟೇ ಬರೆದು ಹುಡುಕಿದ್ದರೆ ಇವುಗಳಲ್ಲಿ ಎಷ್ಟು ಸಿಗುತ್ತಿದ್ದವೋ ಸಂಶಯ.

ಮೂರನೆಯ ಹೆಜ್ಜೆ: ಚಿತ್ರದಲ್ಲಿ ಯಾರಿಲ್ಲ ಎಂದು ಕೇಳಿ

ಜಾಕ್ಸನ್ ಅವರ ಚಿತ್ರ ಪಶ್ಚಿಮ ರಣರಂಗದ ಬ್ರಿಟಿಷ್ ಕಾಲಾಳಿನ ಅನುಭವಕ್ಕೆ ಬೇಕೆಂದೇ ಸೀಮಿತವಾಗಿದೆ. ಆದರೆ ಆ ಯುದ್ಧಕ್ಕಾಗಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದದ್ದು ಜೋಧಪುರದ ಮತ್ತು ನಮ್ಮ ಮೈಸೂರು ಸಂಸ್ಥಾನದ ಅಶ್ವದಳಗಳು. ಮೆಷಿನ್‌ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿದವರು ಅವರು. ದೆಹಲಿಯ ತೀನ್‌ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಸ್ಮರಿಸುವ ಮೂರು ಸಂಸ್ಥಾನಗಳಲ್ಲಿ ಮೈಸೂರೂ ಒಂದು. ಹಾಸನವೂ ಇಂದು ಚಿಕ್ಕಮಗಳೂರು ಎನಿಸಿಕೊಂಡಿರುವ ಅಂದಿನ ಕಡೂರು ಜಿಲ್ಲೆಯೂ ಆ ಸಂಸ್ಥಾನದೊಳಗೇ ಇದ್ದವು. ಆದ್ದರಿಂದ "ಮೈಸೂರು ಲ್ಯಾನ್ಸರ್ಸ್", "ಹೈಫಾ 1918" ಎಂಬ ಪದಗಳು ನಮ್ಮ ಮುಂದಿನ ಹುಡುಕಾಟದ ಪದಗಳಾದವು. ವಸಾಹತುಗಳಿಂದ ಹೋದ ಸೈನಿಕರನ್ನೇ ಕೇಂದ್ರದಲ್ಲಿಟ್ಟ 'ದ ವರ್ಲ್ಡ್ಸ್ ವಾರ್' ಎಂಬ ಎರಡು ಕಂತುಗಳ ಸರಣಿಯನ್ನು ಡೇವಿಡ್ ಓಲುಸೋಗ 2014ರಲ್ಲಿ ಬಿಬಿಸಿಗಾಗಿ ನಿರೂಪಿಸಿದ್ದಾರೆ.

ನಿರೂಪಕರ ಹೆಸರೂ ಒಂದು ಜಾಡು. ಇದೇ ಓಲುಸೋಗ, ಮೇರಿ ಬಿಯರ್ಡ್ ಮತ್ತು ಸೈಮನ್ ಶಾಮಾ ಜೊತೆಗೂಡಿ, 2018ರಲ್ಲಿ ಕಲೆಯ ಇತಿಹಾಸವನ್ನು ಕುರಿತ 'ಸಿವಿಲಿಸೇಷನ್ಸ್' ಎಂಬ ಒಂಬತ್ತು ಕಂತುಗಳ ಸರಣಿಯನ್ನು ನಿರೂಪಿಸಿದರು. ಆ ಹೆಸರಿನ ಕೊನೆಯಲ್ಲಿರುವ ಬಹುವಚನ ಸುಮ್ಮನೆ ಬಂದದ್ದಲ್ಲ.

ನಾಲ್ಕನೆಯ ಹೆಜ್ಜೆ: ಉತ್ತರವಾಗಿ ಬಂದ ಚಿತ್ರವನ್ನು ಹುಡುಕಿ

1969ರಲ್ಲಿ ಕೆನೆತ್ ಕ್ಲಾರ್ಕ್ 'ಸಿವಿಲಿಸೇಷನ್' ಎಂಬ ಏಕವಚನದ ಹೆಸರಿನಲ್ಲಿ 13 ಕಂತುಗಳ ಸರಣಿ ಮಾಡಿದ್ದರು. ಅದು ಪಶ್ಚಿಮ ಯೂರೋಪಿನ ಕಲೆಯ ಕಥೆ. ಮೂರೇ ವರ್ಷಗಳಲ್ಲಿ, 1972ರಲ್ಲಿ, ಜಾನ್ ಬರ್ಜರ್ ಅವರ 'ವೇಸ್ ಆಫ್ ಸೀಯಿಂಗ್' ನಾಲ್ಕು ಕಂತುಗಳಲ್ಲಿ ಬೇರೆಯೇ ದಿಕ್ಕಿನಿಂದ ಮಾತನಾಡಿತು: ಈ ಚಿತ್ರಗಳನ್ನು ಬರೆಸಿದ ಹಣ ಯಾರದು, ಅವುಗಳಲ್ಲಿನ ಹೆಣ್ಣನ್ನು ನೋಡುತ್ತಿರುವ ಕಣ್ಣು ಯಾರದು ಎಂಬ ಪ್ರಶ್ನೆಗಳು ಅಲ್ಲಿದ್ದವು. ಈ ಮೂರನ್ನೂ ಹುಟ್ಟಿದ ಕ್ರಮದಲ್ಲಿಯೇ ನೋಡಿದರೆ ಅರ್ಧ ಶತಮಾನದ ಜಗಳವೊಂದನ್ನು ಪಕ್ಕದಲ್ಲಿ ಕುಳಿತು ಕೇಳಿದಂತಾಗುತ್ತದೆ. ನನ್ನ ಮಟ್ಟಿಗೆ ಒಂದೇ ಅಭಿಪ್ರಾಯದ ಐದು ಚಿತ್ರಗಳಿಗಿಂತ ಪರಸ್ಪರ ಒಪ್ಪದ ಎರಡು ಚಿತ್ರಗಳು ಮೇಲು.

ಚಿಕ್ಕಮಗಳೂರಿನವರಿಗೆ ಇಂಥದ್ದೊಂದು ಜೋಡಿ ಮನೆಬಾಗಿಲಲ್ಲೇ ಇದೆ. 1978ರ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಜನತಾ ಪಕ್ಷದ ವೀರೇಂದ್ರ ಪಾಟೀಲರ ವಿರುದ್ಧ 70,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಮರುತಿಂಗಳೇ ಲೋಕಸಭೆ ಅವರನ್ನು ಉಚ್ಚಾಟಿಸಿತು. ಆ ದಿನಗಳನ್ನು ಕುರಿತ ಚಿತ್ರವೊಂದನ್ನು ನೋಡಿದ ಮೇಲೆ, ಅದರ ಹಿಂದಿನ ತುರ್ತುಪರಿಸ್ಥಿತಿಯ ಬಗ್ಗೆ ಎರಡು ಬದಿಯ ಸಾಮಗ್ರಿಯನ್ನು ಹುಡುಕಿ. ಒಂದು ಬದಿಯಲ್ಲಿ ಆಗಿನ ಸರ್ಕಾರಿ ಫಿಲಂಸ್ ಡಿವಿಷನ್ ತಯಾರಿಸಿದ ಪ್ರಚಾರಚಿತ್ರಗಳು. ಇನ್ನೊಂದು ಬದಿಯಲ್ಲಿ ಆನಂದ ಪಟವರ್ಧನ್ ಅವರು ರಾಜಕೀಯ ಕೈದಿಗಳ ಬಗ್ಗೆ ಮಾಡಿದ 1978ರ 'ಪ್ರಿಸನರ್ಸ್ ಆಫ್ ಕಾನ್ಶನ್ಸ್'. ಅದನ್ನು ಮೆಚ್ಚಿದರೆ ಬಿಹಾರದಲ್ಲಿ ಜಯಪ್ರಕಾಶ ನಾರಾಯಣರು ನಡೆಸಿದ ಜೆಪಿ ಚಳವಳಿಯ ಬಗ್ಗೆ ಅದಕ್ಕೂ ಮೊದಲು ಅವರು ಮಾಡಿದ 'ವೇವ್ಸ್ ಆಫ್ ರೆವಲ್ಯೂಷನ್' ಹಿಂದಕ್ಕೆ ಕಾದಿದೆ, 1992ರ 'ರಾಮ್ ಕೆ ನಾಮ್' ಮುಂದಕ್ಕೆ ಕಾದಿದೆ.

ಐದನೆಯ ಹೆಜ್ಜೆ: ಹಳೆಯ ಹೆಸರುಗಳಲ್ಲಿ, ಹಳೆಯ ಕಾಗುಣಿತದಲ್ಲಿ ಹುಡುಕಿ

ಸಂಗ್ರಹಾಲಯಗಳ ಪಟ್ಟಿಗಳನ್ನು ಬರೆದವರು ತಮ್ಮ ಕಾಲದ ಹೆಸರುಗಳನ್ನೇ ಬಳಸಿದ್ದಾರೆ. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ತುಣುಕುಗಳೆಲ್ಲ "ಚಿಕ್‌ಮಗಳೂರ್" ಎಂದು ಉಚ್ಚಾರವಾಗುವ ಹಳೆಯ ಕಾಗುಣಿತದಲ್ಲಿವೆ. ಸ್ವಾತಂತ್ರ್ಯಪೂರ್ವದ ದಾಖಲೆಗಳಲ್ಲಿ ಈ ಜಿಲ್ಲೆಯನ್ನು ಕಡೂರು ಎಂದೇ ಹುಡುಕಬೇಕು. 1973ಕ್ಕಿಂತ ಹಿಂದಿನ ಯಾವುದೇ ಚಿತ್ರಕ್ಕೆ "ಕರ್ನಾಟಕ" ಎಂದು ಹಾಕಿದರೆ ಬರಿಗೈ. "ಮೈಸೂರು" ಎಂದು ಹಾಕಿ. ಹಳೇಬೀಡನ್ನು ಕೊನೆಯ ಉಕಾರವಿಲ್ಲದೆಯೂ, ದೋರಸಮುದ್ರ ಮತ್ತು ದ್ವಾರಸಮುದ್ರ ಎಂಬ ಎರಡು ರೂಪಗಳಲ್ಲಿಯೂ ಹುಡುಕಬೇಕಾಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು "ಹೊಯ್ಸಳರ ಪವಿತ್ರ ಸಮುಚ್ಚಯಗಳು" ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ. ಇತ್ತೀಚಿನ ಚಿತ್ರಗಳಿಗೆ ಆ ಹೆಸರೂ ಬೀಗದ ಕೈಯೇ.

ಕೆಲವೊಮ್ಮೆ ಊರಿನ ಹೆಸರಿಗಿಂತ ತಂತ್ರದ ಹೆಸರು ದೂರ ಕೊಂಡೊಯ್ಯುತ್ತದೆ. ಸಕಲೇಶಪುರದ ಮಂಜರಾಬಾದ್ ಕೋಟೆಯ ಬಗ್ಗೆ ನೋಡಿ ಖುಷಿಪಟ್ಟವರು "ನಕ್ಷತ್ರಾಕಾರದ ಕೋಟೆ" ಎಂದು ಹುಡುಕಿದರೆ ಫ್ರೆಂಚ್ ಕೋಟೆಗಾರ ವೋಬಾನನ ಬಗೆಗಿನ ಚಿತ್ರಗಳವರೆಗೆ ಹೋಗಬಹುದು. ಕೋಟೆ ಕಟ್ಟಿಸಿದ ಟಿಪ್ಪುವಿನ ಹೆಸರಿನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ವಾಗ್ವಾದ.

ಆರನೆಯ ಹೆಜ್ಜೆ: ಎಲ್ಲಿ ನೋಡಬೇಕು

ಹಣ ಕೊಟ್ಟು ನೋಡುವ ತಾಣಗಳನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಇಂದು ಇದ್ದ ಚಿತ್ರ ಮುಂದಿನ ತಿಂಗಳು ಇರುತ್ತದೆಂಬ ಭರವಸೆಯಿಲ್ಲ. ಮೊದಲು ಸಾರ್ವಜನಿಕ ಸಂಗ್ರಹಗಳಿಗೆ ಹೋಗಿ. ಫಿಲಂಸ್ ಡಿವಿಷನ್ 1948ರಲ್ಲಿ ಆರಂಭವಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಟಾಕೀಸುಗಳಲ್ಲಿ ಮುಖ್ಯಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದ, ಆ ಹೊತ್ತಿನಲ್ಲಿ ಜನ ಕಡಲೆಕಾಯಿ ಕೊಳ್ಳಲು ಎದ್ದುಹೋಗುತ್ತಿದ್ದ ಆ ವಾರ್ತಾಚಿತ್ರಗಳೂ ಸಾಕ್ಷ್ಯಚಿತ್ರಗಳೂ ಈಗ ಯೂಟ್ಯೂಬಿನಲ್ಲಿ ಬಹಳಷ್ಟು ಸಿಗುತ್ತವೆ. ಸ್ವಾತಂತ್ರ್ಯದ ವರ್ಷ ಹುಟ್ಟಿದ ಯುವಕ ಯುವತಿಯರನ್ನು ಅವರ ಇಪ್ಪತ್ತನೆಯ ವಯಸ್ಸಿನಲ್ಲಿ ಮಾತನಾಡಿಸಿದ, 1967ರ 'ಐ ಆ್ಯಮ್ 20' ಎಂಬ ಕಿರುಚಿತ್ರದಿಂದ ಶುರುಮಾಡುವುದು ಒಳ್ಳೆಯದು. ದೂರದರ್ಶನದ ಹಳೆಯ ಸಾಮಗ್ರಿ ಪ್ರಸಾರ ಭಾರತಿ ಆರ್ಕೈವ್ಸ್ ವಾಹಿನಿಯಲ್ಲಿದೆ, ಪ್ರಸಾರ ಭಾರತಿಯದೇ 'ವೇವ್ಸ್' ಎಂಬ ತಾಣ 2024ರ ನವೆಂಬರಿನಲ್ಲಿ ಆರಂಭವಾಗಿದೆ. ಕನ್ನಡ ನಾಡಿನ ವಿಷಯಕ್ಕೆ ಚಂದನ ವಾಹಿನಿ, ವಾರ್ತಾ ಇಲಾಖೆ ಮತ್ತು ಸಾಹಿತಿಗಳನ್ನು ಕುರಿತ ಸಾಹಿತ್ಯ ಅಕಾಡೆಮಿಯ ಚಿತ್ರಗಳನ್ನು ಮರೆಯಬೇಡಿ. ಹರಿದಾಸರ ಕಾಲದಲ್ಲಿ ಆಸಕ್ತಿಯಿದ್ದರೆ ಗಿರೀಶ ಕಾರ್ನಾಡರು ನಿರ್ದೇಶಿಸಿದ 1988ರ 'ಕನಕ ಪುರಂದರ' ಇದೆ.

ಬಿಡಿ ತುಣುಕುಗಳು ಬೇಕೆಂದರೆ ಬ್ರಿಟಿಷ್ ಪಾಥೆ ಎಂಬ ಹಳೆಯ ವಾರ್ತಾಚಿತ್ರ ಸಂಸ್ಥೆ 2014ರಲ್ಲಿ 85,000 ಚಿತ್ರಗಳನ್ನು ಯೂಟ್ಯೂಬಿಗೆ ಏರಿಸಿದೆ. ಕೇಂಬ್ರಿಡ್ಜಿನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರವು ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳು ತಮ್ಮ ಸಂತೋಷಕ್ಕೆ ತೆಗೆದುಕೊಂಡ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಬೇಟೆ, ಸಂತೆ, ಚಹಾಕೂಟಗಳ ಹಿಂದೆ ತಲೆ ತಗ್ಗಿಸಿ ನಿಂತ ಕೆಲಸದವರನ್ನು ನೋಡಿದರೆ ಯಾವ ನಿರೂಪಣೆಯೂ ಬೇಕಾಗುವುದಿಲ್ಲ. ಆಯ್ದ ಪಟ್ಟಿಯೇ ಬೇಕೆನ್ನುವವರಿಗೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಕಥೇತರ ವಿಭಾಗ ಅನುಕೂಲ. ಅದರಲ್ಲಿ ಜೀವನಚರಿತ್ರೆ ಮತ್ತು ಐತಿಹಾಸಿಕ ಪುನರ್‌ರಚನೆಯ ಚಿತ್ರಗಳಿಗೆಂದೇ ಒಂದು ಪ್ರಶಸ್ತಿಯಿದೆ. ವರ್ಷವರ್ಷದ ಪಟ್ಟಿಯಿಂದ ಹೆಸರುಗಳನ್ನು ಎತ್ತಿಕೊಳ್ಳಬಹುದು.

ಏಳನೆಯ ಹೆಜ್ಜೆ: ಜರಡಿ ಹಿಡಿಯಿರಿ

ಹುಡುಕಾಟದಲ್ಲಿ ಇಪ್ಪತ್ತು ನಿಮಿಷಕ್ಕಿಂತ ದೀರ್ಘವಾದವುಗಳನ್ನು ಮಾತ್ರ ತೋರಿಸುವ ಸೋಸುಕವನ್ನು ಹಾಕಿದರೆ ಅರ್ಧ ಕಸ ಅಲ್ಲಿಯೇ ಹೋಗುತ್ತದೆ. ಉಳಿದದ್ದಕ್ಕೆ ನನ್ನದು ಹತ್ತು ನಿಮಿಷದ ಪರೀಕ್ಷೆ. ಮಾತನಾಡುವ ತಜ್ಞರ ಹೆಸರು ಪರದೆಯ ಮೇಲೆ ಬರುತ್ತದೆಯೇ? ದಾಖಲೆ ಯಾವುದು, ಮರುನಟನೆ ಯಾವುದು ಎಂದು ತಿಳಿಯುತ್ತದೆಯೇ? ಚಲನಚಿತ್ರ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅದಕ್ಕೂ ಹಿಂದಿನ ಘಟನೆಯ "ಅಪರೂಪದ ಚಲಿಸುವ ದೃಶ್ಯ" ಎಂದು ಯಾರಾದರೂ ತೋರಿಸಿದರೆ ಅದು ನಟನೆ ಅಥವಾ ಗಣಕಯಂತ್ರದ ಕೈಚಳಕ. ನಿಜವಾದ ಹಳೆಯ ತುಣುಕುಗಳೂ ಪೂರ್ತಿ ನಿರ್ದೋಷಿಗಳಲ್ಲ ಎಂಬುದನ್ನು ನೆನಪಿಡಬೇಕು. ಮೇಲೆ ಹೇಳಿದ ಸೋಮ್ ಚಿತ್ರದಲ್ಲಿ ಸೈನಿಕರು ಕಂದಕದಿಂದ ಮೇಲೇರುವ ಪ್ರಸಿದ್ಧ ದೃಶ್ಯ ಅಭಿನಯಿಸಿದ್ದು, ಅದನ್ನು ಅಸಲಿ ಎಂದು ಬಳಸಿರುವ ಸಾಕ್ಷ್ಯಚಿತ್ರಗಳಿಗೆ ಲೆಕ್ಕವಿಲ್ಲ.

ನಮ್ಮೂರಿನ ಉದಾಹರಣೆ ಇನ್ನೂ ಸ್ಪಷ್ಟ. ಹಳೇಬೀಡಿನ ಕಂಬಗಳ ನುಣುಪನ್ನು ತೋರಿಸಿ, ಹೊಯ್ಸಳರ ಬಳಿ ಕಳೆದುಹೋದ ಮಹಾಯಂತ್ರಗಳಿದ್ದವೆಂದು ಸಾಧಿಸಹೊರಡುವ ವಿಡಿಯೊಗಳು ಹೇರಳ. ಆ ಕಂಬಗಳನ್ನು ತಿರುಗಿಸಿ ಕಡೆದರೆಂದು ವಿದ್ವಾಂಸರೂ ಹೇಳುತ್ತಾರೆ. ಆದರೆ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ ಎಂಬ ಸರಳ ಸಂಗತಿಯನ್ನು ಅವರು ಜೊತೆಗೇ ಹೇಳುತ್ತಾರೆ. ಕಲ್ಲಿನ ಗುಣವನ್ನೇ ಹೇಳದೆ ಯಂತ್ರದ ಬಗ್ಗೆ ಮಾತನಾಡುವ ವಿಡಿಯೊವನ್ನು ಅಲ್ಲಿಗೇ ನಿಲ್ಲಿಸಬಹುದು. ಅಂಥ ಒಂದನ್ನು ಪೂರ್ತಿ ನೋಡಿಬಿಟ್ಟರೆ ತಾಣದ ಸಲಹೆಪಟ್ಟಿ ತಿಂಗಳುಗಟ್ಟಲೆ ಅದೇ ಸರಕನ್ನು ಮುಂದಿಡುತ್ತದೆ. ಹಾಗಾದಾಗ ವೀಕ್ಷಣೆಯ ಇತಿಹಾಸದಿಂದ ಆ ವಿಡಿಯೊವನ್ನು ಅಳಿಸಿ, ಇಲ್ಲವೇ ಸಾಕ್ಷ್ಯಚಿತ್ರಗಳಿಗೆಂದೇ ಬೇರೆ ಖಾತೆ ತೆರೆಯಿರಿ.

ನೋಡುವ ವ್ಯವಸ್ಥೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲೆನಾಡಿನ ಕಡೆಯವರು ಜುಲೈ ತಿಂಗಳಲ್ಲಿ ಕರೆಂಟನ್ನಾಗಲಿ ನೆಟ್‌ವರ್ಕನ್ನಾಗಲಿ ನಂಬಿ ಕೂರುವಂತಿಲ್ಲ. ಮಳೆ ಹಿಡಿಯುವ ಮೊದಲೇ ಎರಡು ಮೂರು ಚಿತ್ರಗಳನ್ನು ಮೊಬೈಲಿಗೆ ಇಳಿಸಿಕೊಂಡಿರಿ. ಇಂಗ್ಲಿಷ್ ಬಾರದ ಹಿರಿಯರಿದ್ದರೆ ಅಡಿಬರಹದ ಸ್ವಯಂ ಅನುವಾದದಲ್ಲಿ ಕನ್ನಡವನ್ನು ಆರಿಸಬಹುದು, ಆದರೆ ಅದು ಹೆಸರುಗಳನ್ನೂ ಇಸವಿಗಳನ್ನೂ ಕೆಡಿಸುತ್ತದೆ. ನಮ್ಮಲ್ಲಿ ಒಬ್ಬರು ಮೊದಲೇ ನೋಡಿಕೊಂಡು, ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇವೆ. ದೀರ್ಘ ಸರಣಿಗಳನ್ನು ವಾರಕ್ಕೆ ಒಂದು ಕಂತಿಗಿಂತ ಹೆಚ್ಚು ನೋಡುವುದಿಲ್ಲ.

ಎಂಟನೆಯ ಹೆಜ್ಜೆ: ಜಾಡು ಊರಿಗೇ ಬಂದರೆ ಹೋಗಿ ನೋಡಿ

ಲಂಡನ್ನಿನ ಸಂಗ್ರಹಾಲಯವನ್ನು ಪರದೆಯಲ್ಲಿಯೇ ನೋಡಬೇಕು, ಆದರೆ ಹಾಸನದಿಂದ ಹಳೇಬೀಡಿಗೆ ಬಸ್ಸಿದೆ. ಹೊಯ್ಸಳರ ಬಗೆಗಿನ ಚಿತ್ರ ನೋಡಿದ ವಾರವೇ ಒಂದು ಬೆಳಿಗ್ಗೆ ಟಿಪ್ಪಣಿ ಪುಸ್ತಕ ಹಿಡಿದು ಹೋಗಿ. ಕ್ಯಾಮೆರಾ ಎಲ್ಲಿ ನಿಂತಿತ್ತು, ಯಾವ ಸಾಲುಗಳನ್ನು ತೋರಿಸಿತು, ಯಾವುದನ್ನು ದಾಟಿ ಹೋಯಿತು ಎಂದು ಗುರುತು ಹಾಕಿಕೊಳ್ಳಿ. ಹೆಚ್ಚಿನ ಚಿತ್ರಗಳು ಹೊಯ್ಸಳೇಶ್ವರದಲ್ಲಿಯೇ ನಿಂತುಬಿಡುತ್ತವೆ, ಕೂಗಳತೆಯಲ್ಲಿರುವ ಜೈನ ಬಸದಿಗಳತ್ತ ತಿರುಗುವುದು ಅಪರೂಪ. ವಿಗ್ರಹಗಳ ಬುಡದಲ್ಲಿನ ಅಕ್ಷರಗಳನ್ನು ತೋರಿಸುವುದು ಇನ್ನೂ ಅಪರೂಪ. ಮನೆಗೆ ಬಂದು ಅದೇ ಚಿತ್ರವನ್ನು ಇನ್ನೊಮ್ಮೆ ಹಾಕಿ, ಅದು ಬಿಟ್ಟದ್ದನ್ನು ಒಂದೊಂದಾಗಿ ಬರೆಯಿರಿ. ನನ್ನ ಪುಸ್ತಕದಲ್ಲಿ ಹಾಗೆ ಬರೆದ ಪಟ್ಟಿ ಹೀಗಿದೆ: ಜೈನ ಬಸದಿಗಳು, ಶಾಂತಲೆ, ದೋರಸಮುದ್ರದ ಕೆರೆ, 1311ರ ಮಲಿಕ್ ಕಾಫೂರನ ದಾಳಿ, ಕೇದಾರೋಜ ಎಂಬ ಶಿಲ್ಪಿ. ಮುಂದಿನ ಭಾನುವಾರ ಹುಡುಕಾಟದ ಪೆಟ್ಟಿಗೆಗೆ ಹೋಗುವುದು ಈ ಐದು ಹೆಸರುಗಳು, ಕೇದಾರೋಜನಿಂದ ಮೊದಲುಗೊಂಡು.